ಬಟ್ಟೆ ಸೋಪು ಮನೆಯಲ್ಲೇ: ಮೊದಲು ನಳದ ನೀರು ನೋಡಿ



ಬಟ್ಟೆ ಒಗೆಯುವ ಲಿಕ್ವಿಡ್ ಸೋಪನ್ನು ಮನೆಯಲ್ಲೇ ಮಾಡಿಕೊಳ್ಳಬಹುದೇ? ಖಂಡಿತ ಮಾಡಿಕೊಳ್ಳಬಹುದು. ಆದರೆ ದಾದರಿನಲ್ಲಿರುವ ಅಕ್ಕನ ಮನೆಯಲ್ಲಿ ನೊರೆ ನೊರೆಯಾಗಿ ಬಂದ ಸೋಪು ಮೀರಾ ರೋಡಿನ ತಂಗಿಯ ಮನೆಯಲ್ಲಿ ಒಡೆದ ಹಾಲಿನಂತೆ ಕಾಣಬಹುದು. ಮಾಡಿದವರ ಕೈಗುಣವನ್ನು ದೂರಬೇಡಿ. ವ್ಯತ್ಯಾಸ ಇರುವುದು ನೀರಿನಲ್ಲಿ.

ಮುಂಬಯಿ ಮಹಾನಗರಪಾಲಿಕೆಯ ನೀರು ಬರುವುದು ತುಳಸಿ, ವಿಹಾರ, ತಾನ್ಸಾ, ಭಾತ್ಸಾ, ಮೋಡಕ್ ಸಾಗರ, ಮೇಲಿನ ವೈತರಣಾ, ಮಧ್ಯ ವೈತರಣಾ ಎಂಬ ಏಳು ಕೆರೆಗಳಿಂದ. ಇದು ಮಳೆಯ ನೀರು, ಮೆದು ನೀರು. ಸೋಪಿಗೆ ಬಹಳ ಒಳ್ಳೆಯದು. ಆದರೆ ಮೀರಾ ರೋಡ್, ವಸಾಯಿ, ವಿರಾರ್, ಠಾಣೆಯ ಘೋಡ್‌ಬಂದರ್ ರಸ್ತೆ, ಈ ಕಡೆಯ ಎಷ್ಟೋ ಸೊಸೈಟಿಗಳು ಟ್ಯಾಂಕರ್ ತರಿಸಿಕೊಳ್ಳುತ್ತವೆ, ಇಲ್ಲವೇ ಬೋರ್‌ವೆಲ್ ನೀರನ್ನು ಬೆರೆಸುತ್ತವೆ. ನೆಲದೊಳಗಿನ ಈ ನೀರಿನಲ್ಲಿ ಸಾಮಾನ್ಯವಾಗಿ ಸುಣ್ಣದ ಅಂಶ ಹೆಚ್ಚು. ಸೋಪು ಅದರೊಡನೆ ಸೇರಿ ನೀರಿನಲ್ಲಿ ಕರಗದ ಬಿಳಿ ಜಿಡ್ಡಾಗುತ್ತದೆ. ಆ ಜಿಡ್ಡು ಬಟ್ಟೆಯ ಎಳೆಗಳಲ್ಲಿ ಕೂತರೆ ಬಿಳಿ ಅಂಗಿ ಮಾಸಲಾಗುತ್ತದೆ, ಟವೆಲ್ ಒರಟಾಗುತ್ತದೆ. ಮಳೆಗಾಲದಲ್ಲಿ ಬಟ್ಟೆ ಎರಡು ದಿನ ಹಗ್ಗದ ಮೇಲೆಯೇ ಉಳಿದರೆ ವಾಸನೆ ಬೇರೆ.

ನಮ್ಮ ದೇಶಕ್ಕೆ 1959ರಲ್ಲಿ ಸರ್ಫ್ ಬಂತು, 1969ರಲ್ಲಿ ಅಹಮದಾಬಾದಿನಿಂದ ನಿರ್ಮಾ ಬಂತು. ಈ ಡಿಟರ್ಜೆಂಟ್ ಪುಡಿಗಳು ಮನೆಮನೆಗೆ ಹೊಕ್ಕದ್ದು ಅಗ್ಗ ಎಂಬ ಕಾರಣಕ್ಕೆ ಮಾತ್ರವಲ್ಲ. ಗಡಸು ನೀರಿನಲ್ಲೂ ಅವು ಸೋಪಿನಂತೆ ಒಡೆಯುವುದಿಲ್ಲ.

ನಿಮ್ಮ ನೀರು ಯಾವುದು? ಒಂದು ಗಾಜಿನ ಬಾಟಲಿಯಲ್ಲಿ ಅರ್ಧ ನೀರು ತುಂಬಿ, ಬಟ್ಟೆ ಸೋಪಿನ ನಾಲ್ಕು ಚೂರು ಹಾಕಿ ಚೆನ್ನಾಗಿ ಅಲುಗಾಡಿಸಿ. ಮೇಲೆ ದಟ್ಟ ನೊರೆ, ಕೆಳಗೆ ತಿಳಿಯಾದ ನೀರು ಬಂದರೆ ಅದು ಮೆದು ನೀರು. ನೊರೆ ಕಡಿಮೆಯಾಗಿ ಬಿಳಿ ಕಣಗಳು ತೇಲಿದರೆ ಗಡಸು. ಟ್ಯಾಂಕರ್ ಬಂದ ದಿನ ಮತ್ತೊಮ್ಮೆ ನೋಡಿ, ಉತ್ತರ ಬದಲಾಗಬಹುದು.

ಈಗ ಮಾಡುವ ಬಗೆ. ನೂರು ಗ್ರಾಂ ಸಾಬೂನಿನ ಬಾರ್ ಬೇಕು. ನೀಲಿ, ಹಸಿರು ಡಿಟರ್ಜೆಂಟ್ ಕೇಕ್ ಬೇಡ, ಅದು ಸೋಪಲ್ಲ. ಹಳಬರಿಗೆ 501 ಬಾರ್ ನೆನಪಿರಬಹುದು, ಆ ಜಾತಿಯದು ಬೇಕು. ಕ್ಯಾರೆಟ್ ತುರಿಯುವ ಕಿಸಣಿಯಲ್ಲಿ ತುರಿದು, ಒಂದು ಲೀಟರ್ ಬಿಸಿನೀರಿನಲ್ಲಿ ಸಣ್ಣ ಉರಿಯ ಮೇಲೆ ಕರಗಿಸಿ. ಐವತ್ತು ಗ್ರಾಂ ವಾಷಿಂಗ್ ಸೋಡಾ ಸೇರಿಸಿ. ಇಡ್ಲಿಗೆ ಹಾಕುವ ಸೋಡಾ ಬೇರೆ, ಅಂಗಡಿಯಲ್ಲಿ ಬಟ್ಟೆ ಒಗೆಯುವ ಸೋಡಾ ಎಂದೇ ಕೇಳಿ. ಇನ್ನೊಂದು ಲೀಟರ್ ನೀರು ಬೆರೆಸಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಲೋಳೆಯಂತೆ ಗಟ್ಟಿಯಾಗಿರುತ್ತದೆ, ಕಲಕಿ ಬಳಸಿ. ಅರ್ಧ ಬಕೆಟ್ ನೀರಿಗೆ ಅರ್ಧ ಲೋಟ ಸಾಕು. ಪಾತ್ರೆ ಸ್ಟೀಲಿನದಾಗಿರಲಿ, ಸೋಡಾ ಅಲ್ಯೂಮಿನಿಯಮ್ಮನ್ನು ತಿನ್ನುತ್ತದೆ. ಗಡಸು ನೀರಿನವರು ಬಕೆಟಿಗೆ ಮೊದಲೇ ಒಂದು ಚಮಚ ಸೋಡಾ ಹಾಕಿ, ಐದು ನಿಮಿಷ ಬಿಟ್ಟು, ಆಮೇಲೆ ಸೋಪು ಬೆರೆಸಬೇಕು. ಸೋಡಾ ಸುಣ್ಣವನ್ನು ಹಿಡಿದುಕೊಳ್ಳುತ್ತದೆ, ಸೋಪು ಬಟ್ಟೆಗೆ ಉಳಿಯುತ್ತದೆ. ಊರಿನಲ್ಲಿ ಅಗಸರು ಸೌಳು ಮಣ್ಣು ಬಳಸುತ್ತಿದ್ದರಲ್ಲ, ಅದರಲ್ಲಿದ್ದ ಗುಣವೂ ಇದೇ ಸೋಡಾದ್ದು.

ಇಲ್ಲಿ ಒಂದು ಮಾತು ಹೇಳಲೇಬೇಕು. ಮನೆಯಲ್ಲಿ ಮಾಡಿದ್ದು ಎಂದರೆ ಕೈಗೆ ಮೃದು ಎಂದು ನಾವು ನಂಬಿಬಿಡುತ್ತೇವೆ. ಸೋಡಾ ಮೃದುವಲ್ಲ. ದಿನಕ್ಕೆ ನಾಲ್ಕು ಮನೆಯ ಬಟ್ಟೆ ತಿಕ್ಕುವ ಬಾಯಿಯ ಕೈ ಬಿರಿಯುವುದಕ್ಕೆ ಅಂಗಡಿಯ ಪುಡಿಯೂ ಕಾರಣ, ನಮ್ಮ ಸೋಡಾವೂ ಕಾರಣ. ಖರ್ಚು ಉಳಿಸುವುದು ನಾವು, ಕೈ ಉರಿಸಿಕೊಳ್ಳುವುದು ಅವಳು ಎಂದಾಗಬಾರದು. ಅವಳಿಗೊಂದು ಜೊತೆ ರಬ್ಬರ್ ಗ್ಲೌಸ್ ಕೊಡಿಸಿ. ರೇಷ್ಮೆ, ಉಣ್ಣೆಗಂತೂ ಸೋಡಾ ಮುಟ್ಟಿಸಲೇಬೇಡಿ.

ರೇಷ್ಮೆಗೆ ನಮ್ಮ ಅಂಟುವಾಳ ಇದೆ. ನೊರೆಕಾಯಿ ಎಂದೂ ಹೇಳುತ್ತೇವೆ. ಇಲ್ಲಿ ರೀಠಾ ಎಂದು ಕೇಳಿದರೆ ಮಾಟುಂಗದಲ್ಲಾಗಲಿ ಕ್ರಾಫರ್ಡ್ ಮಾರ್ಕೆಟ್ಟಿನಲ್ಲಾಗಲಿ ಸಿಗುತ್ತದೆ. ಬೀಜ ತೆಗೆದ ಇಪ್ಪತ್ತು ಕಾಯಿಯ ಸಿಪ್ಪೆಯನ್ನು ಒಂದು ಲೀಟರ್ ನೀರಿನಲ್ಲಿ ರಾತ್ರಿ ನೆನೆಹಾಕಿ, ಬೆಳಿಗ್ಗೆ ಕಾಲು ಗಂಟೆ ಕುದಿಸಿ, ಆರಿದ ಮೇಲೆ ಹಿಸುಕಿ ಸೋಸಿ. ಇದರ ನೊರೆ ಗಡಸು ನೀರಿನಲ್ಲೂ ಒಡೆಯುವುದಿಲ್ಲ. ಇದಕ್ಕೂ ಮಿತಿಯಿದೆ. ಎಣ್ಣೆ ಕಲೆ, ಶಾಲೆ ಯೂನಿಫಾರ್ಮಿನ ಕಾಲರಿನ ಕೊಳೆ ಇದಕ್ಕೆ ಬಗ್ಗುವುದಿಲ್ಲ. ಬಿಳಿ ಬಟ್ಟೆ ಕೊಂಚ ಹಳದಿಗೆ ತಿರುಗಬಹುದು. ಕಣ್ಣಿಗೆ ಬಿದ್ದರೆ ಬಹಳ ಉರಿ. ನಮ್ಮ ಸೆಕೆಗೆ ಎರಡು ದಿನದಲ್ಲಿ ಹುಳಿ ವಾಸನೆ ಬರುತ್ತದೆ, ಫ್ರಿಜ್ಜಿನಲ್ಲಿಟ್ಟರೆ ವಾರ. ಐಸ್ ಟ್ರೇಯಲ್ಲಿ ಗಡ್ಡೆ ಕಟ್ಟಿಸಿಟ್ಟರೆ ಇನ್ನೂ ಅನುಕೂಲ, ಒಂದು ಸೀರೆಗೆ ನಾಲ್ಕು ಗಡ್ಡೆ. ಆ ಟ್ರೇ ಮತ್ತೆ ಶರಬತ್ತಿಗೆ ಬೇಡ. ಹೊಸ ಸೀರೆಯಾದರೆ ಸೆರಗಿನ ಮೂಲೆಯಲ್ಲಿ ಮೊದಲು ಪರೀಕ್ಷಿಸಿ.

ಇನ್ನು ಮಾರುವುದಕ್ಕೆಂದು ಮಾಡುವವರ ವಿಷಯ. ಪ್ರಿನ್ಸೆಸ್ ಸ್ಟ್ರೀಟಿನ ಕೆಮಿಕಲ್ ಅಂಗಡಿಗಳಿಂದ ಆಸಿಡ್ ಸ್ಲರಿ, ಕಾಸ್ಟಿಕ್ ಸೋಡಾ, ಬಣ್ಣ, ಸೆಂಟು ತಂದು ಡಬ್ಬ ಡಬ್ಬ ಲಿಕ್ವಿಡ್ ಮಾಡುವ ಸೋದರಿಯರಿದ್ದಾರೆ. ಸಂಪಾದನೆಯ ದಾರಿ, ಬೇಡ ಎನ್ನಲು ನಾನು ಯಾರು? ಆದರೆ ಅದು ಅಡುಗೆ ಮನೆಯ ಕೆಲಸವಲ್ಲ. ಸ್ಲರಿ ಕೂಡ ಆಮ್ಲ, ಕಾಸ್ಟಿಕ್ ಚರ್ಮವನ್ನು ಸುಡುತ್ತದೆ, ಕಣ್ಣಿಗೆ ಹಾರಿದರೆ ದೃಷ್ಟಿಯೇ ಹೋಗಬಹುದು. ಕಾಸ್ಟಿಕ್ಕನ್ನು ತಣ್ಣೀರಿಗೆ ಸ್ವಲ್ಪ ಸ್ವಲ್ಪವೇ ಹಾಕಬೇಕು, ಕಾಸ್ಟಿಕ್ ಮೇಲೆ ನೀರು ಸುರಿದರೆ ಕುದಿದು ಮುಖಕ್ಕೆ ಸಿಡಿಯುತ್ತದೆ. ಕನ್ನಡಕ, ಗ್ಲೌಸ್, ಗಾಳಿಯಾಡುವ ಜಾಗ, ಈ ಮೂರೂ ಬೇಕು. ಚಾಳಿನ ಒಂದೇ ಖೋಲಿಯಲ್ಲಿ ಮಗು ಅಂಬೆಗಾಲಿಡುತ್ತಿರುವಾಗ ಇದನ್ನು ಮಾಡಲೇಬೇಡಿ. ಹೊರಗೆ ಜಾಗ ಸಿಗುವವರೆಗೆ ಸೋಪು ತುರಿದು ಮಾಡುವ ಬಗೆಯೇ ಸಾಕು.

ತುಂಬಿಡುವುದು ಯಾವುದರಲ್ಲಿ? ಬಹುಪಾಲು ಮನೆಗಳಲ್ಲಿ ಖಾಲಿ ಕೋಲ್ಡ್ರಿಂಕ್ ಬಾಟಲಿಯಲ್ಲಿ. ಕಿತ್ತಳೆ ಬಣ್ಣದ ಲಿಕ್ವಿಡ್ ಆ ಬಾಟಲಿಯಲ್ಲಿದ್ದರೆ ನಾಲ್ಕು ವರ್ಷದ ಮಗುವಿಗೆ ಅದು ಶರಬತ್ತೇ. ಫಿನೈಲ್ ಡಬ್ಬಿಯಂಥ ಅಗಲ ಬಾಯಿಯ ಡಬ್ಬಿಗೆ ತುಂಬಿ, ಹೆಸರು ಬರೆದು ಅಂಟಿಸಿ, ಮೇಲಿನ ಮಾಳಿಗೆಯಲ್ಲಿಡಿ. ಆಕಸ್ಮಾತ್ ಮಗು ಕುಡಿದರೆ ವಾಂತಿ ಮಾಡಿಸಲು ಹೋಗಬೇಡಿ. ಬಾಯಿ ತೊಳೆದು, ಡಬ್ಬಿಯನ್ನೂ ಜೊತೆಗೆ ತೆಗೆದುಕೊಂಡು ಕೂಡಲೇ ಆಸ್ಪತ್ರೆಗೆ ಓಡಿ, ಏನು ಹಾಕಿ ಮಾಡಿದ್ದೆಂದು ಡಾಕ್ಟರಿಗೆ ಹೇಳಿ.

ವಾಷಿಂಗ್ ಮಶೀನ್ ಇರುವವರು ಕೇಳುತ್ತೀರಿ. ಮುಂದಿನಿಂದ ಬಟ್ಟೆ ಹಾಕುವ ಮಶೀನಿಗೆ ಈ ಎರಡೂ ಬೇಡ. ಮೇಲಿನಿಂದ ಹಾಕುವುದಾದರೆ ಸೋಪನ್ನು ಬಿಸಿನೀರಿನಲ್ಲಿ ಪೂರ್ತಿ ಕರಗಿಸಿ, ಸ್ವಲ್ಪವೇ ಹಾಕಿ ನೋಡಿ, ಅದೂ ನೀರು ಮೆದುವಾಗಿದ್ದರೆ ಮಾತ್ರ.