ಕಡಲಿನ ದಿನ, ದಡದ ದಿನ

ಹೊನ್ನಾವರದ ಕಾಸರಕೋಡಿನಲ್ಲಿ ನಸುಕಿಗೇ ದೋಣಿ ಹತ್ತುವ ಮಧುಮೇಹಿಯ ಪಾಡು ಯೋಚಿಸಿ. ಚೀಟಿಯಲ್ಲಿರುವ ಇನ್ಸುಲಿನ್ ಪ್ರಮಾಣ ದಿನವೂ ಅಷ್ಟೇ, ದಿನಗಳು ಮಾತ್ರ ಹಾಗಿರುವುದಿಲ್ಲ. ಬಲೆ ಭಾರವಾದ ದಿನ ದುಡಿಯುವ ಸ್ನಾಯುಗಳು ಸಕ್ಕರೆಯನ್ನು ಬೇಗ ಎಳೆದುಕೊಳ್ಳುತ್ತವೆ. ಊಟವೂ ತಡವಾದರೆ ಮೈ ಬೆವರುತ್ತದೆ, ಕೈ ನಡುಗುತ್ತದೆ, ಕಣ್ಣು ಮಂಜಾಗುತ್ತದೆ. ರಕ್ತದಲ್ಲಿ ಸಕ್ಕರೆಯ ಅಂಶ 70 ಮಿ.ಗ್ರಾಂ/ಡೆ.ಲೀ.ಗಿಂತ ಕೆಳಗಿಳಿದಾಗ ಹೀಗಾಗುವುದುಂಟು. ಆಗ ದಡ ಸೇರುವವರೆಗೆ ಕಾಯಲೇಬಾರದು. ಮೂರು-ನಾಲ್ಕು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿದು, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಬೇಕು.

ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧ, ಯಾಂತ್ರಿಕ ದೋಣಿಗಳು ದಡದಲ್ಲೇ. ದುಡಿಮೆ ನಿಂತರೂ ಕುಚ್ಚಲಕ್ಕಿ ಗಂಜಿಯ ಬಟ್ಟಲು ಕಿರಿದಾಗುವುದಿಲ್ಲ. ಇನ್ಸುಲಿನ್‌ನ ಅದೇ ಪ್ರಮಾಣ ಈಗ ಸಾಲದು, ಸಕ್ಕರೆ ಏರುತ್ತದೆ. ‘ಪಥ್ಯ ಮಾಡಲಿಲ್ಲ’ ಎಂದು ಮನೆಯವರು ಬೈಯುತ್ತಾರೆ. ಆ ಬೈಗುಳ ನನಗೆ ಅನ್ಯಾಯವೆನಿಸುತ್ತದೆ, ಏಕೆಂದರೆ ಬದಲಾದದ್ದು ಕೆಲಸ.

1922ರ ಜನವರಿಯಲ್ಲಿ ಟೊರೊಂಟೊದಲ್ಲಿ 14 ವರ್ಷದ ಹುಡುಗನಿಗೆ ಮೊದಲ ಚುಚ್ಚುಮದ್ದು ಕೊಟ್ಟಂದಿನಿಂದ ಇನ್ಸುಲಿನ್ ಕೋಟ್ಯಂತರ ಜೀವ ಉಳಿಸಿದೆ. ಆದರೆ ನಮ್ಮ ದಿನಚರಿ ಅದಕ್ಕೆ ಗೊತ್ತಿಲ್ಲ, ವೈದ್ಯರಿಗೂ ನಾವು ಹೇಳದೆ ಗೊತ್ತಾಗದು. ಮುಂದಿನ ಸಲ ಹೋದಾಗ ಎದ್ದ ಹೊತ್ತು, ಉಂಡ ಹೊತ್ತು, ಬಲೆ ಎಳೆದ ಹೊತ್ತು ಎಲ್ಲ ತಿಳಿಸಿ. ಕಡಲಿನ ದಿನಕ್ಕೊಂದು, ದಡದ ದಿನಕ್ಕೊಂದು ಪ್ರಮಾಣ ಬೇಕೇ ಎಂದು ಕೇಳಿ ಬರೆಸಿಕೊಳ್ಳಿ.