ಹಿತ್ತಲ ಕುಂಟೆಯ ಹೂಳು



ನಂದಿಬೆಟ್ಟದಲ್ಲಿ ಹುಟ್ಟುವ ಅರ್ಕಾವತಿಯು ದೊಡ್ಡಬಳ್ಳಾಪುರದ ಕೆರೆಗಳನ್ನು ದಾಟಿ ಮುಂದೆ ಸಾಗುತ್ತದೆ. ಈ ನದಿಯ ನೀರು 1894ರಲ್ಲಿ ಹೆಸರಘಟ್ಟದಿಂದಲೂ, 1933ರಲ್ಲಿ ತಿಪ್ಪಗೊಂಡನಹಳ್ಳಿಯಿಂದಲೂ ಬೆಂಗಳೂರಿನ ಬಾಯಾರಿಕೆಯನ್ನು ತಣಿಸಿತು. ಇಂದು ಅದರ ಮೇಲ್ಭಾಗದ ಪಾತ್ರವು ವರ್ಷದ ಬಹುಕಾಲ ಬರಿದಾಗಿರುತ್ತದೆ. ವರ್ಷವಿಡೀ ಹರಿಯುವ ನದಿಯಿಲ್ಲದ ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿ ಬಿದ್ದ ಮಳೆಯನ್ನು ಬಿದ್ದಲ್ಲೇ ಹಿಡಿಯದೆ ಗತ್ಯಂತರವಿಲ್ಲ.

ಲೆಕ್ಕ ಸರಳವಾದುದು. ಇಲ್ಲಿಯ ವಾರ್ಷಿಕ ಮಳೆ ಸುಮಾರು 800 ಮಿಲಿಮೀಟರ್. ಹತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲದ ಮಾಳಿಗೆಯ ಮೇಲೆ ಬೀಳುವ ನೀರು 80,000 ಲೀಟರ್. ಅದನ್ನು ಹಿಡಿಯುವ ಕುಂಟೆಯು ನಾಲ್ಕು ಮೀಟರ್ ಉದ್ದ, ಅಷ್ಟೇ ಅಗಲವಿದ್ದು, ಅದರಲ್ಲಿ ಒಂದಡಿ ಹೂಳು ಕುಳಿತರೆ ಸುಮಾರು 4,800 ಲೀಟರ್ ನೀರಿನ ಜಾಗ ಕಳೆದುಹೋಗುತ್ತದೆ. ಆದ್ದರಿಂದ ಹೂಳೆತ್ತುವುದು ಅಗತ್ಯ. ಆದರೆ ಅದಕ್ಕೊಂದು ಕ್ರಮವಿದೆ.

ಮೇಲಿನ ಹೂಳು ಕಪ್ಪಾಗಿ, ಸಡಿಲವಾಗಿರುತ್ತದೆ. ಅದರಡಿಯ ಜೇಡಿಪದರ ಗಟ್ಟಿಯಾಗಿ, ಅಂಟಾಗಿರುತ್ತದೆ. ಸಲಿಕೆ ಅಲ್ಲಿಗೆ ನಿಲ್ಲಬೇಕು. ಜೇಡಿಯನ್ನೂ ಅಗೆದು ತೆಗೆದರೆ ನೀರು ಗರಸಿನೊಳಗೆ ಇಂಗಿ, ಕುಂಟೆ ಬೇಗನೆ ಬತ್ತುತ್ತದೆ. ಒಂದು ಬೇಸಿಗೆಯಲ್ಲಿ ಅರ್ಧ ಭಾಗವನ್ನು ಮಾತ್ರ ತೆಗೆದು, ಉಳಿದರ್ಧವನ್ನು ಮುಂದಿನ ಬೇಸಿಗೆಗೆ ಬಿಡಬೇಕು. ನೀರನ್ನು ತಿಳಿಯಾಗಿಡುವ ಹುಳು, ಬಸವನಹುಳು, ಸೂಕ್ಷ್ಮಜೀವಿಗಳು ಉಳಿದ ಭಾಗದಿಂದಲೇ ಮತ್ತೆ ಹರಡುತ್ತವೆ. ಯುಗಾದಿ ಕಳೆದು ಭರಣಿ ಮಳೆ ಬರುವುದರೊಳಗೆ ಈ ಕೆಲಸ ಮುಗಿಯಲಿ. ಮಳೆ ಬಿದ್ದೊಡನೆ ಕಪ್ಪೆಗಳು ಮೊಟ್ಟೆಯಿಡುವುದರಿಂದ ಅನಂತರ ಕೆಸರನ್ನು ಕಲಕಬಾರದು.

ತೆಗೆದ ಹೂಳನ್ನು ರಸ್ತೆಬದಿಗೆ ಸುರಿಯುವುದು ತರವಲ್ಲ. ಹೊಲದಿಂದ ಕೊಚ್ಚಿಬಂದ ನಯವಾದ ಮಣ್ಣು, ಕೊಳೆತ ಎಲೆಯ ಸಾರ ಅದರಲ್ಲಿರುತ್ತದೆ. ಹಿಂದೆ ರೈತರು ಬೇಸಿಗೆಯಲ್ಲಿ ಕೆರೆಗೋಡನ್ನು ಗಾಡಿಗಳಲ್ಲಿ ಹೊಲಕ್ಕೆ ಸಾಗಿಸುತ್ತಿದ್ದುದು ಇದಕ್ಕಾಗಿಯೇ. ತೇವ ನಿಲ್ಲದ ಕೆಂಪುಮಣ್ಣಿನಲ್ಲಿ ರಾಗಿಗೆ ಈ ಗೋಡು ಆಸರೆ.

ಸೋಪಿನ ನೀರು ಕುಂಟೆಗೆ ಸೇರದಿರಲಿ. ಅದರ ರಂಜಕದಿಂದ ಪಾಚಿ ಬೆಳೆದು, ಸತ್ತು, ಕೊಳೆಯುವಾಗ ನೀರಿನ ಆಮ್ಲಜನಕ ತೀರುತ್ತದೆ. ಬೆಳಗಿನ ಜಾವ ಮೀನುಗಳು ಮೇಲೆ ಬಂದು ಬಾಯ್ಬಿಡುವುದು ಅದರ ಸೂಚನೆ. ಬಚ್ಚಲ ನೀರನ್ನು ಬಾಳೆಯ ಬುಡಕ್ಕೆ ತಿರುಗಿಸಬಹುದು.

ಸೊಳ್ಳೆಯ ಭಯದಿಂದ ಹಲವರು ಕುಂಟೆಯನ್ನೇ ಮುಚ್ಚುತ್ತಾರೆ. ಇಲ್ಲಿಯ ಹವೆಯಲ್ಲಿ ಮೊಟ್ಟೆಯಿಂದ ಸೊಳ್ಳೆಯಾಗಲು ಸುಮಾರು ಏಳರಿಂದ ಹತ್ತು ದಿನ ಬೇಕು. ಅಷ್ಟರೊಳಗೆ ಊರ ಕೆರೆಯ ಸಣ್ಣ ಮೀನುಗಳೂ ಏರೋಪ್ಲೇನ್ ಚಿಟ್ಟೆಯ ಮರಿಗಳೂ ಸೊಳ್ಳೆಯ ಮರಿಹುಳುಗಳನ್ನು ತಿನ್ನುತ್ತವೆ. ಹೊರದೇಶದಿಂದ ತಂದ ಗ್ಯಾಂಬೂಸಿಯಾ ಮೀನು ಗೊದಮೊಟ್ಟೆಗಳನ್ನೂ ಬಿಡುವುದಿಲ್ಲವಾದ್ದರಿಂದ ಅದನ್ನು ತರುವುದು ಬೇಡ. ಬ್ಲೀಚಿಂಗ್ ಪುಡಿ ಸುರಿದರಂತೂ ಸೊಳ್ಳೆಯ ಶತ್ರುಗಳೇ ಮೊದಲು ಸಾಯುತ್ತವೆ.

ಮಕ್ಕಳಿರುವ ಮನೆಯಲ್ಲಿ ಕುಂಟೆಯ ಸುತ್ತ ಬೇಲಿಯಿರಲಿ. ಹೂಳೆತ್ತುವಾಗ ಒಬ್ಬರೇ ಇಳಿಯದಿರಲಿ.

ಬತ್ತಿದ ನದಿಯನ್ನು ಒಂದು ಮನೆ ತುಂಬಿಸಲಾರದು. ಆದರೆ ತನ್ನ ಮಾಳಿಗೆಯ ನೀರಿಗೆ ಪ್ರತಿ ಮನೆಯೂ ಹೊಣೆಯಾಗಬಲ್ಲದು. ಬರುವ ಬೇಸಿಗೆಯಲ್ಲಿ ನಾಲ್ಕು ಮಂಕರಿ ಹೂಳೆತ್ತುವುದರಿಂದ ಆ ಹೊಣೆ ಆರಂಭವಾಗಲಿ.