ಕೈಗೇ ಕೊಡಿ ಗುರುಗಳೇ

(ವಿದ್ಯಾರ್ಥಿ ನಿಲಯದ ಹುಡುಗ ಹುಡುಗಿಯರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)

ಮೊನ್ನೆ ಈ ಹಾಸ್ಟೆಲಿನ ಒಬ್ಬ ಹುಡುಗ ನಮ್ಮ ಮನೆಗೆ ಬಂದಿದ್ದ. ಮಠದವರು ನಡೆಸುವ ಒಂದು ವಿಶ್ವವಿದ್ಯಾಲಯದಲ್ಲಿ ಅವನಿಗೆ ಸೀಟು ಸಿಕ್ಕಿದೆ. ಸಂತೋಷದ ಸುದ್ದಿ. ಆದರೆ ಹುಡುಗನ ಮುಖದಲ್ಲಿ ಸಂತೋಷ ಇರಲಿಲ್ಲ. "ಸಾರ್, ಅಲ್ಲಿ ಬೆಳಗಿನ ಜಾವ ಐದಕ್ಕೇ ಭಜನೆ ಅಂತೆ. ಊಟಕ್ಕೆ ಮುಂಚೆ ಮಂತ್ರ ಹೇಳಬೇಕಂತೆ. ನಮ್ಮವ್ವ ಹೇಳ್ತಾಳೆ, ಯಾರು ಕೇಳಿದ್ರೂ ಜಾತಿ ಹೇಳ್ಬೇಡ ಕಣಪ್ಪಾ, ಹೆಂಗೋ ಹೊಂದ್ಕೊಂಡು ಹೋಗು ಅಂತ. ಹೊಂದ್ಕೊಳ್ಳೋದು ಅಂದ್ರೆ ಏನು ಸಾರ್?" ಅಂತ ಕೇಳಿದ.

ಅವತ್ತು ಅವನಿಗೆ ಟೀ ಕೊಟ್ಟು ಕಳಿಸಿದೆ, ಉತ್ತರ ಕೊಡಲಿಲ್ಲ. ಯಾಕಂದ್ರೆ ಈ ಪ್ರಶ್ನೆ ಅವನೊಬ್ಬನದಲ್ಲ. ಅದಕ್ಕೇ ಇವತ್ತು ನಿಮ್ಮೆಲ್ಲರ ಮುಂದೆ ನಿಂತು ಉತ್ತರ ಹೇಳ್ತೀನಿ.

ಮೊದಲು ಕಾಶಿಯ ಕತೆ ಕೇಳಿ. ಬನಾರಸ್ ಹಿಂದೂ ವಿಶ್ವವಿದ್ಯಾಲಯಕ್ಕೆ 1915ರಲ್ಲಿ ಕಾಯಿದೆ ಆಯಿತು, 1916ರಲ್ಲಿ ಅಡಿಗಲ್ಲು ಬಿತ್ತು. ಅದರ ಮೊದಲ ಕುಲಾಧಿಪತಿ ಯಾರು ಗೊತ್ತೆ? ನಮ್ಮ ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರು. ಅದೇ 1916ರಲ್ಲಿ ಇಲ್ಲಿ ಮೈಸೂರು ವಿಶ್ವವಿದ್ಯಾಲಯವೂ ಶುರುವಾಯಿತು. ಕಾಶಿಯ ವಿಶ್ವವಿದ್ಯಾಲಯದ ಹೆಸರಿನಲ್ಲೇ ಧರ್ಮ ಇತ್ತು. ಆದರೂ ಅದರ ಕಾಯಿದೆಯಲ್ಲಿ ಎಲ್ಲ ವರ್ಗ, ಎಲ್ಲ ಜಾತಿ, ಎಲ್ಲ ಮತದವರಿಗೂ ಬಾಗಿಲು ತೆರೆದಿದೆ ಎಂದೇ ಬರೆದಿದ್ದರು.

ಆ ತೆರೆದ ಬಾಗಿಲಲ್ಲಿ 1920ರ ದಶಕದ ಕೊನೆಗೆ ಬಿಹಾರದ ಒಬ್ಬ ದಲಿತ ಹುಡುಗ ಒಳಗೆ ಹೋದ. ಹೆಸರು ಜಗಜೀವನ ರಾಮ್. ಆರಾ ಊರಿನ ಶಾಲೆಯಲ್ಲಿ ಅಸ್ಪೃಶ್ಯರಿಗೆ ಅಂತ ಬೇರೆ ನೀರಿನ ಮಡಕೆ ಇಟ್ಟಾಗ ಆ ಮಡಕೆಯನ್ನೇ ಒಡೆದು ಹಾಕಿದ ಹುಡುಗ ಅವನು. ಅವನ ಬುದ್ಧಿ ನೋಡಿ ಮದನ ಮೋಹನ ಮಾಳವೀಯರೇ ಕಾಶಿಗೆ ಬಾ ಅಂತ ಕರೆದಿದ್ದರು. ವಿದ್ಯಾರ್ಥಿವೇತನವೂ ಸಿಕ್ಕಿತ್ತು. ಇನ್ನೇನು ಬೇಕು? ಬೇಕಾದ್ದು ಎರಡೇ: ಒಂದು ತಟ್ಟೆ ಊಟ, ತಿಂಗಳಿಗೊಂದು ಕ್ಷೌರ. ಎರಡೂ ಸಿಗಲಿಲ್ಲ. ಹಾಸ್ಟೆಲಿನಲ್ಲಿ ಊಟ ಬಡಿಸಲು ಒಪ್ಪಲಿಲ್ಲ. ಊರಿನ ಕ್ಷೌರಿಕರು ತಲೆ ಮುಟ್ಟಲಿಲ್ಲ. ಗಾಜಿಪುರದಿಂದ ದಲಿತ ಕ್ಷೌರಿಕರೊಬ್ಬರು ಆಗಾಗ ಬಂದು ಕೂದಲು ಕತ್ತರಿಸಿ ಹೋಗುತ್ತಿದ್ದರು. ಕಾನೂನು ಬಾಗಿಲಲ್ಲಿ ನಿಂತಿತ್ತು, ಜಾತಿ ಅಡುಗೆಮನೆಯಲ್ಲಿ ಕೂತಿತ್ತು.

ಜಗಜೀವನ ರಾಮ್ ಇಂಟರ್‌ಮೀಡಿಯೇಟ್ ಪಾಸು ಮಾಡಿಕೊಂಡು ಕಾಶಿ ಬಿಟ್ಟರು. ಕಲ್ಕತ್ತಾಕ್ಕೆ ಹೋಗಿ 1931ರಲ್ಲಿ ಬಿ.ಎಸ್‌ಸಿ. ಪದವಿ ಪಡೆದರು. ಮುಂದೆ ಮಂತ್ರಿಯಾದರು. 1971ರ ಯುದ್ಧದ ಕಾಲಕ್ಕೆ ಈ ದೇಶದ ರಕ್ಷಣಾ ಮಂತ್ರಿ ಅವರೇ. 1978ರ ಜನವರಿಯಲ್ಲಿ, ಮತ್ತೆ ರಕ್ಷಣಾ ಮಂತ್ರಿಯಾಗಿದ್ದಾಗ, ಅದೇ ಕಾಶಿಗೆ ಹೋಗಿ ಸಂಪೂರ್ಣಾನಂದರ ಪ್ರತಿಮೆ ಅನಾವರಣ ಮಾಡಿದರು. ಅವರು ಅತ್ತ ಹೋದ ಮೇಲೆ ಮೇಲ್ಜಾತಿ ವಿದ್ಯಾರ್ಥಿಗಳು ಗಂಗಾಜಲ ತಂದು ಆ ಪ್ರತಿಮೆಯನ್ನು ತೊಳೆದರು. ನೋಡಿ ಬಂಧುಗಳೇ, ದೇಶದ ಸೈನ್ಯ ಅವರ ಮಾತು ಕೇಳುತ್ತಿತ್ತು, ಒಂದು ಕಲ್ಲು ಮಾತ್ರ ಅವರ ಕೈಯಿಂದ ಮೈಲಿಗೆ ಆಗಿಹೋಯಿತು!

ಇದು ದೊಡ್ಡವರ ಕತೆ. ಈಗ ನನ್ನ ಸಣ್ಣ ಕತೆ.

ಮೂವತ್ತೈದು ವರ್ಷದ ಹಿಂದೆ ನಾನೂ ಹೊರರಾಜ್ಯದ ಇಂಥದೇ ಒಂದು ಧಾರ್ಮಿಕ ವಿಶ್ವವಿದ್ಯಾಲಯಕ್ಕೆ ಸಂಸ್ಕೃತ ಎಂ.ಎ. ಓದಲು ಹೋದೆ. ಹೆಸರು ಹೇಳಲ್ಲ, ಹೇಳಿ ಆಗಬೇಕಾದ್ದೂ ಇಲ್ಲ. ಹೊಲಗೇರಿಯವನಿಗೆ ಸಂಸ್ಕೃತ ಯಾಕೆ ಅಂತ ನಮ್ಮವರೇ ನಕ್ಕರು. ಬಾಬಾಸಾಹೇಬರಿಗೆ ಮುಂಬೈಯ ಹೈಸ್ಕೂಲಿನಲ್ಲಿ ಸಂಸ್ಕೃತ ಕೊಡಲಿಲ್ಲ, ಪಾರ್ಸಿ ಭಾಷೆ ತಗೋ ಅಂದರು. ಆಮೇಲೆ ಅವರು ಹಟ ಹಿಡಿದು ಕಲಿತು, ಆ ಗ್ರಂಥಗಳನ್ನೇ ಎದುರಿಗಿಟ್ಟುಕೊಂಡು 1946ರಲ್ಲಿ ಶೂದ್ರರು ಯಾರು ಅಂತ ಪುಸ್ತಕ ಬರೆದರು. ನಮ್ಮನ್ನು ಕಟ್ಟಿಹಾಕಿದ ಹಗ್ಗದ ಗಂಟು ಎಲ್ಲಿದೆ ಅಂತ ತಿಳೀಬೇಕಾದರೆ ಆ ಭಾಷೆ ಬೇಕು ಅಂತ ನಾನು ಹೊರಟೆ.

ಮೊದಲ ದಿನವೇ ಹಾಸ್ಟೆಲಿನಲ್ಲಿ ಒಬ್ಬ ಕೇಳಿದ, "ನಿಮ್ಮ ಗೋತ್ರ ಯಾವುದು?" ನನಗೆ ಗೊತ್ತಿದ್ದದ್ದು ನಮ್ಮ ಹಟ್ಟಿ, ನಮ್ಮ ಮಾರಮ್ಮ. ಬಾಯಿಗೆ ಬಂದಂಗೆ "ಕಾಶ್ಯಪ" ಅಂದುಬಿಟ್ಟೆ. ಎಲ್ಲೋ ಓದಿದ್ದೆ. ಅವನು ಹೆಗಲ ಮೇಲೆ ಕೈ ಹಾಕಿ ಊಟಕ್ಕೆ ಕರಕೊಂಡು ಹೋದ. ನಾಲ್ಕು ತಿಂಗಳು ಆ ಸುಳ್ಳಿನ ಅನ್ನ ಉಂಡೆ. ಉಣ್ಣುವಾಗ ಕಣ್ಣು ಪಕ್ಕದವರ ಕೈಮೇಲೆ. ನೀರು ಹೆಂಗೆ ಬಿಡ್ತಾರೆ, ಎಲೆ ಹೆಂಗೆ ಮಡಿಸ್ತಾರೆ ಅಂತ ನೋಡಿ ನೋಡಿ ಮಾಡೋದು. ರುಚಿ ಗೊತ್ತಾಗ್ತಿರಲಿಲ್ಲ. ರಾತ್ರಿ ಕನಸಿನಲ್ಲಿ ಊರ ಭಾಷೆ ಕನವರಿಸಿ ಸಿಕ್ಕಿಬೀಳ್ತೀನೋ ಅಂತ ಭಯ.

ಐದನೇ ತಿಂಗಳು ನೋಟೀಸ್ ಬೋರ್ಡಿನಲ್ಲಿ ಪರಿಶಿಷ್ಟ ಜಾತಿ ವಿದ್ಯಾರ್ಥಿವೇತನದ ಪಟ್ಟಿ ಅಂಟಿಸಿದರು. ನನ್ನ ಹೆಸರು, ಅಪ್ಪನ ಹೆಸರು, ಎಲ್ಲ ದಪ್ಪ ಅಕ್ಷರದಲ್ಲಿ. ಸಂಜೆ ರೂಮಿಗೆ ಬಂದರೆ ಜತೆಯವನ ಟ್ರಂಕು ಇರಲಿಲ್ಲ, ಹಾಸಿಗೆ ಇರಲಿಲ್ಲ. ಊಟದ ಸಾಲಿನಲ್ಲಿ ನನ್ನ ಎರಡೂ ಪಕ್ಕ ಖಾಲಿ. ಯಾರೂ ಬಯ್ಯಲಿಲ್ಲ, ಹೊಡೀಲಿಲ್ಲ. ಆ ಖಾಲಿ ಜಾಗ ಇತ್ತಲ್ಲ, ಅದು ಹೊಡೆತಕ್ಕಿಂತ ಜೋರು. ವಾಪಸ್ ಬರ್ತೀನಿ ಅಂತ ಅಪ್ಪನಿಗೆ ಕಾರ್ಡು ಬರೆದೆ.

ಕಾರ್ಡಿಗೆ ಉತ್ತರ ಬರಲಿಲ್ಲ, ನಮ್ಮಪ್ಪನೇ ಬಂದ. ಚಿಕ್ಕಂದಿನಲ್ಲಿ ಗೌಡರ ಮನೇಲಿ ಜೀತಕ್ಕಿದ್ದವನು. ಅಕ್ಷರ ಬಾರದು, ಭಾಷೆ ಬಾರದು. ಎರಡು ರಾತ್ರಿ ರೈಲಿನಲ್ಲಿ ಕೂತು, ವಿಳಾಸದ ಚೀಟಿ ತೋರಿಸಿಕೊಂಡು ಬಂದ. ಟವಲಿನ ಗಂಟಿನಲ್ಲಿ ಹುರಿಹಿಟ್ಟು, ಬೆಲ್ಲ, ಹುಚ್ಚೆಳ್ಳು ಚಟ್ನಿಪುಡಿ. ರೂಮಿಗೆ ಬಾ ಅಂದೆ. "ಬೇಡ ಕಣ್ಲಾ, ಇಲ್ಲೇ ಗಾಳಿ ಚೆನ್ನಾಗೈತೆ" ಅಂತ ಹಾಸ್ಟೆಲಿನ ಮುಂದಿನ ಮೆಟ್ಟಿಲ ಮೇಲೆ ಕೂತು ಗಂಟು ಬಿಚ್ಚಿದ. ಹುಡುಗರೆಲ್ಲ ಓಡಾಡುವ ಮೆಟ್ಟಿಲು. ನನಗೆ ನಾಚಿಕೆ. ಅಪ್ಪ ತಲೆ ಎತ್ತಿ ನೋಡಿ ಹೇಳಿದ, "ಕೂತ್ಕೊಳ್ಳಲಾ. ನಮ್ಮ ಹಿಟ್ಟು ನಾವು ತಿನ್ನಕ್ಕೆ ಯಾರನ್ನ ಕೇಳ್ಬೇಕು?"

ಕೂತೆ. ಹುರಿಹಿಟ್ಟು ಕಲಸಿ ಇಬ್ಬರೂ ತಿಂದೆವು. ಸ್ವಲ್ಪ ಹೊತ್ತಿಗೆ ಹಾಸ್ಟೆಲು ಗುಡಿಸುವ ಅಣ್ಣ ಬಂದು ಕೆಳಗಿನ ಮೆಟ್ಟಿಲಲ್ಲಿ ಕೂತ. ಆಮೇಲೆ ಎರಡನೇ ವರ್ಷದ ಒಬ್ಬ ಹುಡುಗ ಬಂದು ಕೈ ಚಾಚಿದ. ಅವನೂ ನಮ್ಮಂಥವನೇ, ಎರಡು ವರ್ಷದಿಂದ ಅವನದೂ ಒಂದು ಸುಳ್ಳು ಗೋತ್ರ! ಆ ಮೆಟ್ಟಿಲ ಮೇಲೆ ಶುರುವಾದ ಪಂಕ್ತಿ ವರ್ಷ ತಿರುಗುವುದರೊಳಗೆ ಏಳು ಜನ ಆಯಿತು. ನಮ್ಮಪ್ಪ ಉಪದೇಶ ಮಾಡಲಿಲ್ಲ, ಇರು ಅನ್ನಲಿಲ್ಲ, ಬಾ ಅನ್ನಲಿಲ್ಲ. ಮಾರನೇ ದಿನ ರೈಲು ಹತ್ತಿದ. ನಾನು ಉಳಕೊಂಡೆ.

ಇನ್ನು ಪಾಠದ ಮಾತು. ವೇದ ಕೇಳಿದ ಶೂದ್ರನ ಕಿವಿಗೆ ಕಾದ ಸೀಸ ಹುಯ್ಯಬೇಕು ಅಂತ ಗೌತಮ ಧರ್ಮಸೂತ್ರ ಹೇಳುತ್ತದಲ್ಲ, ಆ ಭಾಗ ಬಂದಾಗ ಮೇಷ್ಟ್ರು "ಇದು ಪರೀಕ್ಷೆಗೆ ಬರಲ್ಲ" ಅಂತ ಪುಟ ತಿರುಗಿಸಿದರು. ಪರೀಕ್ಷೆಗೆ ಬರಲ್ಲ, ನಮ್ಮ ಬದುಕಿಗೆ ಬಂದಿದೆಯಲ್ಲ! ಆ ಪುಟವನ್ನು ನಾನು ಲೈಬ್ರರಿಯಲ್ಲಿ ಕೂತು ಅಕ್ಷರ ಅಕ್ಷರ ಬಿಡಿಸಿ ಓದಿದೆ.

ವ್ಯಾಕರಣದ ಒಬ್ಬ ಗುರುಗಳಿದ್ದರು. ವಯಸ್ಸಾದವರು, ಮಡಿವಂತರು. ಸಂಜೆ ಹೊತ್ತು ಜಗಲಿಯಲ್ಲಿ ಕೂರಿಸಿಕೊಂಡು ಬಿಡಿಗಾಸು ಕೇಳದೆ ನನಗೆ ಪಾಠ ಹೇಳಿದರು. ಅವರಷ್ಟು ಚೆನ್ನಾಗಿ ಹೇಳಿಕೊಡುವವರನ್ನು ನಾನು ಮತ್ತೆ ನೋಡಲಿಲ್ಲ. ಆದರೆ ಪುಸ್ತಕವನ್ನು ಕೈಗೆ ಕೊಡುತ್ತಿರಲಿಲ್ಲ, ನೆಲದ ಮೇಲೆ ಇಡುತ್ತಿದ್ದರು. ನಾನು ಎತ್ತಿಕೊಳ್ಳಬೇಕು. ಅಪ್ಪ ಬಂದು ಹೋದ ಮೇಲೆ ಒಂದು ಸಂಜೆ ಹೇಳಿಬಿಟ್ಟೆ, "ಕೈಗೇ ಕೊಡಿ ಗುರುಗಳೇ." ಅವರು ಸುಮ್ಮನಾದರು. ಪುಸ್ತಕ ನೆಲದ ಮೇಲೇ ಉಳಿಯಿತು. ನಾನೂ ಎತ್ತಲಿಲ್ಲ, ಅವರೂ ಎತ್ತಲಿಲ್ಲ. ಎಂಟು ದಿನ ಪಾಠ ನಿಂತಿತು. ಪರೀಕ್ಷೆ ಹತ್ತಿರ, ನನಗೆ ಎದೆ ಡವಡವ. ಒಂಬತ್ತನೇ ದಿನ ಹೇಳಿ ಕಳಿಸಿದರು. ಹೋದರೆ ಜಗಲಿಯಲ್ಲಿ ಒಂದು ಮೇಜು ಬಂದಿತ್ತು. ಪುಸ್ತಕ ಮೇಜಿನ ಮೇಲಿತ್ತು.

ನಗಬೇಡಿ. ಆ ಮೇಜು ನನ್ನ ಗೆಲುವೂ ಅಲ್ಲ, ಸೋಲೂ ಅಲ್ಲ. ಅವರು ನೆಲದಿಂದ ಎರಡೂವರೆ ಅಡಿ ಮೇಲೆ ಬಂದಿದ್ದರು, ಅಷ್ಟೆ. ನಾನು ಓದಿದೆ. ಆದರೆ ಕೇಳದೇ ಇದ್ದಿದ್ದರೆ ಇವತ್ತಿಗೂ ನೆಲದ ಮೇಲಿಂದಲೇ ಎತ್ತಿಕೊಳ್ಳುತ್ತಿದ್ದೆ. ಅವರು ಕೊಟ್ಟ ವ್ಯಾಕರಣಕ್ಕೆ ನಾನು ಋಣಿ. ಅವರು ಇಟ್ಟ ದೂರಕ್ಕೆ ಋಣಿಯಲ್ಲ. ಎರಡನ್ನೂ ಬೇರೆ ಬೇರೆ ತೂಗುವುದನ್ನು ನೀವು ಕಲೀಬೇಕು.

ಚರ್ಚಿನ ಕಾಲೇಜಿನಲ್ಲಿ ಈ ತೊಂದರೆ ಇಲ್ಲ ಅಂತ ತಿಳೀಬೇಡಿ. ದೇವರು ಬದಲಾದ ಮಾತ್ರಕ್ಕೆ ಬೆಂಚು ಬದಲಾಗಲ್ಲ. 1981ರಲ್ಲಿ ನಮ್ಮ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿಯೇ ಅರವಿಂದ ನಿರ್ಮಲ್ ಎಂಬ ದಲಿತ ಪಂಡಿತರು ಭಾಷಣ ಮಾಡಿ, ಧರ್ಮಶಾಸ್ತ್ರವನ್ನು ನಮ್ಮ ಜನರ ನೋವಿನಿಂದ ಹೊಸದಾಗಿ ಓದಬೇಕು ಅಂದರು. ಅಲ್ಲಿಂದಲೇ ದಲಿತ ದೇವತಾಶಾಸ್ತ್ರ ಅನ್ನೋದು ಬೆಳೆಯಿತು. ಧರ್ಮದ ಕಾಲೇಜಿನ ಒಳಗೇ ಕೂತು ಎತ್ತಿದ ಪ್ರಶ್ನೆ ಅದು. ಬಾಬಾಸಾಹೇಬರು 1950ರಲ್ಲಿ ಔರಂಗಾಬಾದಿನಲ್ಲಿ ಕಟ್ಟಿದ ಕಾಲೇಜಿಗೆ ಮಿಲಿಂದ ಅಂತ ಯಾಕೆ ಹೆಸರಿಟ್ಟರು? ಮಿಲಿಂದ ಭಿಕ್ಷು ನಾಗಸೇನನಿಗೆ ಪ್ರಶ್ನೆ ಮೇಲೆ ಪ್ರಶ್ನೆ ಕೇಳಿದ ರಾಜ. ಪ್ರಶ್ನೆ ಕೇಳುವವನ ಹೆಸರಿನಲ್ಲಿ ವಿದ್ಯಾಲಯ, ಇದನ್ನು ನೆನಪಿಟ್ಟುಕೊಳ್ಳಿ.

ಈಗ ಹುಡುಗನ ಪ್ರಶ್ನೆಗೆ ಬರ್ತೀನಿ.

ಮಗಾ, ಬೆಳಿಗ್ಗೆ ಐದಕ್ಕೆ ಏಳೋದಕ್ಕೆ ಹೊಂದಿಕೋ. ಸಪ್ಪೆ ಸಾರಿಗೆ ಹೊಂದಿಕೋ. ಬಾರದ ಭಾಷೆಗೆ ಹೊಂದಿಕೋ, ತಪ್ಪಾದರೂ ಮಾತಾಡು. ಆದರೆ ನಿನ್ನ ಹೆಸರು, ನಿಮ್ಮಪ್ಪನ ಹೆಸರು ಬದಲಿಸಬೇಡ. ಸುಳ್ಳು ಹೇಳಿದರೆ ಜಾತಿ ಮುಚ್ಚಿಹೋಗಲ್ಲ, ನೀನು ಮುಚ್ಚಿಹೋಗ್ತೀಯ. ನಿಮ್ಮವ್ವ ಹೇಳಿದ್ದು ಭಯದಿಂದ. ಆ ಭಯ ಹುಟ್ಟಿಸಿದವರು ಬೇರೆ, ಅವ್ವನ ಮೇಲೆ ಸಿಟ್ಟಾಗಬೇಡ.

ಭಜನೆ ವಿಚಾರ. ಸಂವಿಧಾನದ 28ನೇ ವಿಧಿಯ ಮೂರನೇ ಖಂಡ ಓದಿಕೋ. ಸರ್ಕಾರದ ಮಾನ್ಯತೆ ಇರುವ, ಇಲ್ಲವೇ ಸರ್ಕಾರದ ಹಣ ಪಡೆಯುವ ಯಾವ ವಿದ್ಯಾಸಂಸ್ಥೆಯೂ ನಿನ್ನ ಒಪ್ಪಿಗೆ ಇಲ್ಲದೆ ಪೂಜೆಗೆ, ಧರ್ಮಬೋಧನೆಗೆ ನಿನ್ನನ್ನು ಕೂರಿಸುವಂತಿಲ್ಲ. ವಯಸ್ಸಿಗೆ ಬರದವರಾದರೆ ಪೋಷಕರ ಒಪ್ಪಿಗೆ ಬೇಕು. ಇಷ್ಟ ಇದ್ದರೆ ಹೋಗು, ಅದು ನಿನ್ನ ಮನಸ್ಸು. ಬಲವಂತ ಮಾತ್ರ ಇಲ್ಲ. 17ನೇ ವಿಧಿ ಅಸ್ಪೃಶ್ಯತೆಯನ್ನು ತೆಗೆದುಹಾಕಿದೆ. ಹತ್ತು ಜನರ ಎದುರು ಜಾತಿ ಹಿಡಿದು ಅವಮಾನಿಸುವುದು 1989ರ ದೌರ್ಜನ್ಯ ತಡೆ ಕಾಯಿದೆಯಲ್ಲಿ ಅಪರಾಧ. ವಿಶ್ವವಿದ್ಯಾಲಯಗಳಲ್ಲಿ ತಾರತಮ್ಯ ವಿರೋಧಿ ಅಧಿಕಾರಿ ಇರಬೇಕು ಅಂತ ಯುಜಿಸಿ 2012ರಲ್ಲೇ ನಿಯಮ ಮಾಡಿತು. ಹೋದ ಮೊದಲ ವಾರವೇ ಆಫೀಸಿಗೆ ಹೋಗಿ, ಆ ಅಧಿಕಾರಿ ಯಾರು ಅಂತ ವಿನಯವಾಗಿ ಕೇಳು. ಕೇಳಿದ ಹುಡುಗ ಒಬ್ಬ ಇದ್ದಾನೆ ಅಂತ ಅವರಿಗೂ ಗೊತ್ತಾಗಲಿ. ದೂರು ಕೊಟ್ಟರೆ ಬರವಣಿಗೆಯಲ್ಲೇ ಕೊಡು, ಸ್ವೀಕೃತಿ ಹಾಕಿಸಿಕೋ. ಅಸಲು ಪ್ರಮಾಣಪತ್ರಗಳ ನಕಲು ಮನೆಯಲ್ಲೊಂದು ಇಡು.

ಕಾನೂನು ಒಂದೇ ಸಾಲದು. ಕಾಶಿಯಲ್ಲೂ ಕಾನೂನು ಇತ್ತು. ಅದಕ್ಕೇ ಒಬ್ಬನೇ ಇರಬೇಡ. ಮೆಟ್ಟಿಲು ಹುಡುಕು, ಜತೆಗೆ ಉಣ್ಣುವವರನ್ನು ಹುಡುಕು. ಹಾಸ್ಟೆಲು ಗುಡಿಸುವವರನ್ನು, ಪಾತ್ರೆ ತೊಳೆಯುವವರನ್ನು ಮೊದಲು ಮಾತಾಡಿಸು. ಅಕ್ಕತಂಗಿಯರೇ, ನಿಮಗೆ ಜಾತಿಯ ಜತೆಗೆ ಮುಟ್ಟಿನ ಮೈಲಿಗೆಯ ಕಟ್ಟಳೆಯನ್ನೂ ಹೇರುತ್ತಾರೆ. ನಿಮಗಂತೂ ಸಂಘ ಇಮ್ಮಡಿ ಬೇಕು.

ಕೊನೆಯದಾಗಿ ಒಂದು ಮಾತು. ತಡೆಯಲಾಗದೆ ಹೋದರೆ ಬಿಟ್ಟು ಬಾ. ನಾನು ಉಳಕೊಂಡೆ, ಜಗಜೀವನ ರಾಮ್ ಬಿಟ್ಟು ಹೋದರು. ಎರಡೂ ಸರಿಯೇ. ಅವರು ಕಾಶಿ ಬಿಟ್ಟರೇ ಹೊರತು ಓದು ಬಿಡಲಿಲ್ಲ. 2016ರ ಜನವರಿಯಲ್ಲಿ ಹೈದರಾಬಾದಿನ ಕೇಂದ್ರ ವಿಶ್ವವಿದ್ಯಾಲಯದಲ್ಲಿ ರೋಹಿತ್ ವೇಮುಲನನ್ನು ಕಳಕೊಂಡೆವು. ಅದು ಮಠದ್ದೂ ಅಲ್ಲ, ಚರ್ಚಿನದೂ ಅಲ್ಲ. ಇನ್ನೊಂದು ಮಗುವನ್ನು ಕಳಕೊಳ್ಳುವ ಶಕ್ತಿ ನಮ್ಮ ಕೇರಿಗಳಿಗೆ ಇಲ್ಲ. ಯಾವ ಪದವಿಯೂ ನಿನ್ನ ಜೀವಕ್ಕಿಂತ ದೊಡ್ಡದಲ್ಲ. ಒಂದು ಸುದ್ದಿ ಮುಟ್ಟಿಸು ಸಾಕು. ಈ ಸಭೆಯಲ್ಲಿ ಇರುವವರಲ್ಲಿ ಒಬ್ಬರಾದರೂ ಟವಲಿನಲ್ಲಿ ಹುರಿಹಿಟ್ಟು ಕಟ್ಟಿಕೊಂಡು ರೈಲು ಹತ್ತುತ್ತೇವೆ. ಏನ್ರಪ್ಪಾ, ಹತ್ತುತ್ತೀರಾ ಇಲ್ವಾ?

ಇಷ್ಟೇ ನನ್ನ ಮಾತು. ಹೋಗಿ ಬಾ ಮಗಾ. ಪುಸ್ತಕ ಕೈಗೇ ಕೇಳು.

ಜೈ ಭೀಮ್.